ಫ್ಲ್ಯಾಟ್ ಕೊಳ್ಳೋದಾ, ಬಾಡಿಗೆಗೇ ಇರೋದಾ? ಮೈಂಟೆನೆನ್ಸ್ ಸೇರಿಸಿ ಲೆಕ್ಕ ಹಾಕಿ

‘ಬಾಡಿಗೆ ಕಟ್ಟೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ’ ಅಂತ ನಮ್ಮ ಮಾವ ಸಿಕ್ಕಾಗಲೆಲ್ಲ ಹೇಳುತ್ತಾರೆ. ಅವರದು ತೀರ್ಥಹಳ್ಳಿ ಕಡೆ ಸ್ವಂತ ತೋಟ, ಸ್ವಂತ ಮನೆ. ಬಾಡಿಗೆ ಕಟ್ಟಿ ಗೊತ್ತಿಲ್ಲ. ನಾನು ಶಿವಮೊಗ್ಗದ ವಿನೋಬನಗರದಲ್ಲಿ ಆರು ವರ್ಷದಿಂದ ಬಾಡಿಗೆಗೆ ಇದ್ದೇನೆ. ಹೋದ ವರ್ಷ ಸವಳಂಗ ರಸ್ತೆ ಕಡೆ ಒಂದು ಫ್ಲ್ಯಾಟ್ ನೋಡಿ, ಇನ್ನೇನು ಅಡ್ವಾನ್ಸ್ ಕೊಡಬೇಕು ಅನ್ನುವಾಗ ಕಾಗದ ಪೆನ್ನು ಹಿಡಿದು ಕೂತೆ. ಕೊಂಡವನೂ ಹುಣಸೆಹಣ್ಣು ತೊಳೆಯುತ್ತಾನೆ, ಆದರೆ ಅವನ ಹೊಳೆ ಬೇರೆ, ಅಷ್ಟೇ ಅಂತ ಆಗ ಗೊತ್ತಾಯಿತು.

ಹೆಜ್ಜೆ 1: ವಾಪಸ್ ಬಾರದ ದುಡ್ಡು ಎಣಿಸಿ

ಎಲ್ಲರೂ ಇಎಂಐ ಪಕ್ಕದಲ್ಲಿ ಬಾಡಿಗೆ ಇಟ್ಟು ನೋಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಇಎಂಐನಲ್ಲಿ ಅಸಲಿನ ಪಾಲು ನಿಮ್ಮ ಮನೆಗೇ ಸೇರುತ್ತದೆ, ಅದನ್ನು ಬಿಡಿ. ಬಡ್ಡಿ, ಮೈಂಟೆನೆನ್ಸ್, ಕಂದಾಯ, ರಿಪೇರಿ, ಜೊತೆಗೆ ನೀವು ಕೈಯಿಂದ ಹಾಕಿದ ದುಡ್ಡು ಬ್ಯಾಂಕಿನಲ್ಲೇ ಇದ್ದಿದ್ದರೆ ಬರುತ್ತಿದ್ದ ಬಡ್ಡಿ, ಇಷ್ಟನ್ನು ಕೂಡಿಸಿ.

50 ಲಕ್ಷದ ಫ್ಲ್ಯಾಟ್ ಅಂತಿಟ್ಟುಕೊಳ್ಳಿ. 10 ಲಕ್ಷ ನಿಮ್ಮದು, 40 ಲಕ್ಷ ಸಾಲ, ಬಡ್ಡಿ ಶೇ 8.5, 20 ವರ್ಷ. ಇಎಂಐ ಸುಮಾರು 34,700 ರೂಪಾಯಿ. ಮೊದಲ ತಿಂಗಳು ಅದರಲ್ಲಿ 28,300 ಬರೀ ಬಡ್ಡಿ! ನೋಂದಣಿ ಖರ್ಚು ಬೇರೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಎಲ್ಲ ಸೇರಿ ಹತ್ತಿರ ಹತ್ತಿರ 3.8 ಲಕ್ಷ. ಇನ್ನೂ ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಜಿಎಸ್‌ಟಿ ಶೇ 5 ಕೂಡ ಬೀಳುತ್ತದೆ. ಕೈಯಿಂದ ಹೋದ 13.8 ಲಕ್ಷಕ್ಕೆ ಶೇ 6.5ರ ಎಫ್‌ಡಿ ಹಿಡಿದರೂ ತಿಂಗಳಿಗೆ 7,500 ರೂಪಾಯಿ ಬರುತ್ತಿತ್ತು. ಮೈಂಟೆನೆನ್ಸ್ 3,000, ಕಂದಾಯ-ರಿಪೇರಿ 1,000 ಸೇರಿಸಿ. ತಿಂಗಳಿಗೆ 39,800 ಆಯಿತು.

ಅದೇ ಮನೆ 15,000 ಬಾಡಿಗೆಗೆ, ಮೈಂಟೆನೆನ್ಸ್ 3,000 ಸೇರಿ 18,000ಕ್ಕೆ ಸಿಗುತ್ತದೆ ಅಂದರೆ ವರ್ಷಕ್ಕೆ 2.6 ಲಕ್ಷ ವ್ಯತ್ಯಾಸ. ಅಂದರೆ ಆ ಫ್ಲ್ಯಾಟಿನ ಬೆಲೆ ವರ್ಷಕ್ಕೆ ಶೇ 5ರಷ್ಟು ಏರಿದರೆ ಮಾತ್ರ ಸರಿಸಮ. ಏರಬಹುದು. ಆದರೆ ಏರುವುದು ಜಾಗದ ಬೆಲೆ, ಗೋಡೆಯದಲ್ಲ. ಜಾಗದಲ್ಲಿ ನಿಮಗಿರುವುದು ಒಂದು ಪಾಲು ಮಾತ್ರ. ಇವೆಲ್ಲ ಉದಾಹರಣೆಯ ಅಂಕಿಗಳು, ನಿಮ್ಮವನ್ನು ಹಾಕಿ ನೋಡಿ. ಅಡಿಕೆ ದುಡ್ಡಲ್ಲಿ ಸಾಲವಿಲ್ಲದೆ ಕೊಳ್ಳುವವರ ಲೆಕ್ಕ ಪೂರ್ತಿ ಬೇರೆ, ಅವರು ಈ ಪ್ಯಾರಾ ಹಾರಿಸಬಹುದು. ಮುಂದಿನದನ್ನು ಮಾತ್ರ ಹಾರಿಸಬೇಡಿ.

ಹೆಜ್ಜೆ 2: ಎಷ್ಟು ಮನೆ, ಎಷ್ಟು ಬೀಗ

ಬ್ರೋಕರ್ ‘ಮೈಂಟೆನೆನ್ಸ್ ಬರೀ ಎರಡು ಸಾವಿರ ಸಾರ್’ ಅನ್ನುತ್ತಾನೆ. ಅದು ಇವತ್ತಿನ ರೇಟು. ನಮ್ಮೂರಲ್ಲಿ ಹನ್ನೆರಡು, ಹದಿನಾರು ಮನೆಯ ಸಣ್ಣ ಅಪಾರ್ಟ್‌ಮೆಂಟ್‌ಗಳಿವೆ. ಮನೆ ಹನ್ನೆರಡಿರಲಿ ನಲವತ್ತಿರಲಿ, ವಾಚ್‌ಮನ್ ಒಬ್ಬ ಬೇಕೇ ಬೇಕು, ಲಿಫ್ಟಿನ ಸರ್ವೀಸು, ಜನರೇಟರ್ ಡೀಸೆಲ್ಲು, ಸಂಪಿನ ಮೋಟಾರು, ಮೆಟ್ಟಿಲ ಲೈಟು ಯಾವುದೂ ತಪ್ಪುವುದಿಲ್ಲ. ಇವೆಲ್ಲ ಸೇರಿ ತಿಂಗಳಿಗೆ 34,000 ಅಂದುಕೊಂಡರೆ ಹನ್ನೆರಡು ಮನೆಗೆ ತಲಾ 2,800 ಚಿಲ್ಲರೆ. ಅದರಲ್ಲಿ ನಾಲ್ಕು ಮನೆಯವರು ಬೆಂಗಳೂರಲ್ಲೋ ದುಬೈಯಲ್ಲೋ ಇದ್ದು, ಬೀಗ ಹಾಕಿದ ಮನೆಗೆ ಯಾಕೆ ಕೊಡಬೇಕು ಅಂತ ಸುಮ್ನೆ ಕೂತರೆ ಉಳಿದವರಿಗೆ 4,250.

ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ 1972ರದು. ನಾನು ಲಿಫ್ಟ್ ಹತ್ತುವುದಿಲ್ಲ, ಮನೆಯಲ್ಲಿ ಇರುವುದೇ ಇಲ್ಲ ಅಂತ ಸಾಮಾನ್ಯ ಖರ್ಚಿನಿಂದ ಜಾರಿಕೊಳ್ಳಲು ಅದರಲ್ಲಿ ದಾರಿಯಿಲ್ಲ. ಆದರೆ ಅಕ್ಕಪಕ್ಕದವರ ಮೇಲೆ ಕೇಸು ಹಾಕಿಕೊಂಡು ಯಾರು ಓಡಾಡುತ್ತಾರೆ, ಅಲ್ವಾ? ಅದಕ್ಕೇ ಸಂಜೆ ಏಳೂವರೆಗೆ ಹೋಗಿ ಹೊರಗೆ ನಿಂತು ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿದೆ ಎಣಿಸಿ. ಆಮೇಲೆ ಅಸೋಸಿಯೇಷನ್ನಿನವರ ಹತ್ತಿರ ಮೂರು ವರ್ಷದ ಜಮಾ-ಖರ್ಚು, ಯಾರ ಬಾಕಿ ಎಷ್ಟು, ಕಾರ್ಪಸ್ ಫಂಡಿನಲ್ಲಿ (ದೊಡ್ಡ ಖರ್ಚಿಗೆ ಅಂತ ಎತ್ತಿಟ್ಟ ದುಡ್ಡು) ಎಷ್ಟಿದೆ ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಕೈಬಿಡಿ. ಹಳೇ ಫ್ಲ್ಯಾಟ್ ಆದರೆ ಮಾರುವವರಿಂದ ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳಲೇಬೇಕು, ಇಲ್ಲದಿದ್ದರೆ ಅವರ ಬಾಕಿ ನಿಮ್ಮ ತಲೆಗೆ ಬರುತ್ತದೆ.

ಹೆಜ್ಜೆ 3: ಆಷಾಢದಲ್ಲಿ ನೋಡಿ

ನಾನು ಆ ಫ್ಲ್ಯಾಟ್ ಮೊದಲು ನೋಡಿದ್ದು ಜನವರಿಯಲ್ಲಿ. ಎಳೆಬಿಸಿಲು, ಹೊಸ ಪೇಂಟು, ಚೆಂದವೋ ಚೆಂದ. ಗೆಳೆಯನೊಬ್ಬ ‘ಪುನರ್ವಸು ಮಳೆ ಹಿಡಿದಾಗ ಇನ್ನೊಂದು ಸಲ ನೋಡೋ ಮಾರಾಯ’ ಅಂದ. ಜುಲೈಯಲ್ಲಿ ಹೋದೆ. ಪಡುವಣ ಗೋಡೆ ಪೂರ್ತಿ ಥಂಡಿ, ಕಪಾಟಿನ ಹಿಂದೆ ಬೂಷ್ಟು, ಲಿಫ್ಟಿನ ಗುಂಡಿಯಲ್ಲಿ ನೀರು ನಿಂತು ಲಿಫ್ಟು ಬಂದ್. ಶಿವಮೊಗ್ಗ ಪೇಟೆಗೆ ಆಗುಂಬೆಯಷ್ಟು ಮಳೆ ಇಲ್ಲ, ನಿಜ. ಆದರೂ ಅಷ್ಟು ಸಾಕು. ಆಷಾಢದಲ್ಲಿ ಮನೆ ವ್ಯವಹಾರ ಬೇಡ ಅಂತ ಜನ ಹಿಂದೆ ಸರಿಯುವುದರಿಂದ ಮಾರುವವರು ಮಾತುಕತೆಗೂ ಸ್ವಲ್ಪ ಬಗ್ಗುತ್ತಾರೆ. ನೋಡುವುದು ಆಷಾಢದಲ್ಲಿ, ಅಡ್ವಾನ್ಸ್ ಬೇಕಿದ್ದರೆ ಶ್ರಾವಣದಲ್ಲಿ ಕೊಡಿ.

ಟೆರೇಸ್ ಸೋರಿದರೆ ಯಾರ ಖರ್ಚು ಅಂತಲೂ ಕೇಳಿ. ಮೇಲಿನ ಮನೆಯವರದೇ ಅನ್ನುತ್ತಾರಾ, ಎಲ್ಲರೂ ಹಂಚಿಕೊಳ್ಳುತ್ತಾರಾ? ಮೇಲೆ ಶೀಟು ಹಾಕಿಸುವ ಮಾತು ಬಂದಾಗ ಮನೆಗಿಷ್ಟು ಅಂತ ಎತ್ತುವ ವಂತಿಗೆ ತಿಂಗಳ ಮೈಂಟೆನೆನ್ಸಿನಲ್ಲಿ ಎಲ್ಲೂ ಕಾಣುವುದಿಲ್ಲ. ಹೊಸ ಕಟ್ಟಡವಾಗಿದ್ದು ರೇರಾ (ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ಕಾಯ್ದೆ) ನೋಂದಣಿ ಇದ್ದರೆ, ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಾಣುವ ಕಟ್ಟಡದ ದೋಷವನ್ನು ಬಿಲ್ಡರೇ ನಿಮಗೆ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಜಾಗ 500 ಚದರ ಮೀಟರ್ ದಾಟದ ಅಥವಾ ಎಂಟಕ್ಕಿಂತ ಜಾಸ್ತಿ ಮನೆ ಇಲ್ಲದ ಕಟ್ಟಡಕ್ಕೆ ರೇರಾ ನೋಂದಣಿ ಕಡ್ಡಾಯವಿಲ್ಲ, ಅದು ನೆನಪಿರಲಿ.

ಹೆಜ್ಜೆ 4: ಭೋಗ್ಯವನ್ನೂ ತೂಗಿ

ಭೋಗ್ಯ ಅಂದರೆ ಲೀಸು: ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವಾಗ ಕೊಟ್ಟ ದುಡ್ಡು ವಾಪಸ್. 8 ಲಕ್ಷ ಕೊಟ್ಟು ಲೀಸಿಗೆ ಹಾಕಿಕೊಂಡರೆ ಕಳೆದುಕೊಳ್ಳುವುದು ಆ ದುಡ್ಡಿನ ಬಡ್ಡಿ, ತಿಂಗಳಿಗೆ 4,300 ಅಷ್ಟೇ. ಅಗ್ಗ. ಆದರೆ ಓನರ್ ಆ ಮನೆ ಮೇಲೆ ಬ್ಯಾಂಕ್ ಸಾಲ ತೆಗೆದು ಕಟ್ಟದೆ ಬಿಟ್ಟಿದ್ದರೆ ನಿಮ್ಮ 8 ಲಕ್ಷ ಸಿಕ್ಕಿಹಾಕಿಕೊಳ್ಳುತ್ತದೆ. ಇಸಿ (ಋಣಭಾರ ಪತ್ರ) ತೆಗೆಸಿ ನೋಡಿ, ಕರಾರು ನೋಂದಣಿ ಮಾಡಿಸಿ, ಮೈಂಟೆನೆನ್ಸ್ ಯಾರು ಕಟ್ಟಬೇಕು ಅನ್ನುವುದನ್ನು ಅದರಲ್ಲೇ ಬರೆಸಿ.

ಹೆಜ್ಜೆ 5: ಎಷ್ಟು ವರ್ಷ ಇರುತ್ತೀರಿ?

ಬಾಡಿಗೆ ವರ್ಷ ವರ್ಷ ಏರುತ್ತದೆ, ಸಾಲದ ಬಡ್ಡಿ ಪಾಲು ಇಳಿಯುತ್ತದೆ. ಹಾಗಾಗಿ ಹತ್ತು-ಹನ್ನೆರಡು ವರ್ಷ ಇಲ್ಲೇ ಇರುವವರಿಗೆ ಕೊಳ್ಳುವುದು ದಕ್ಕಬಹುದು. ಮಗಳ ಪಿಯುಸಿ ಮುಗಿಯುವ ತನಕ ಅಂತ ಊರಿಂದ ಬಂದವರು, ವರ್ಗ ಆಗುವ ನೌಕರಿಯವರು ನೋಂದಣಿಗೇ 3.8 ಲಕ್ಷ ಸುರಿದು ಮೂರು ವರ್ಷಕ್ಕೆ ಮಾರಿದರೆ ನಷ್ಟವೇ. ನಾನು ಆ ಫ್ಲ್ಯಾಟ್ ಬಿಟ್ಟೆ. ಈಗ ಗೋಪಾಳದಲ್ಲಿ ಮೂವತ್ತಾರು ಮನೆಯ ಒಂದು ಕಟ್ಟಡ ನೋಡಿಟ್ಟಿದ್ದೇನೆ. ಎರಡು ಸಂಜೆ ಹೋಗಿ ದೀಪ ಎಣಿಸಿದ್ದಾಯಿತು, ಇಪ್ಪತ್ತೊಂಬತ್ತು ಉರಿಯುತ್ತಿದ್ದವು. ಮಳೆಗಾಲ ಬರಲಿ ಅಂತ ಕಾಯುತ್ತಿದ್ದೇನೆ.