ಕಾರಿನಲ್ಲಿ ರಾಸ್ಪ್‌ಬೆರಿ ಪೈ ಗೇಮ್: ಪವರ್ ಸಮಸ್ಯೆ ನಾನು ಬಗೆಹರಿಸಿಕೊಂಡ ಬಗೆ

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಹೋಗುವಾಗಲೂ ಬರುವಾಗಲೂ ಮಕ್ಕಳಿಬ್ಬರು ಹಿಂದಿನ ಸೀಟಿನಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ರೆಟ್ರೋಪೈ (ಹಳೆ ವಿಡಿಯೋ ಗೇಮ್ ಓಡಿಸುವ ಸಾಫ್ಟ್‌ವೇರ್) ಹಾಕಿಕೊಂಡು ಆಡಿದರು. ವೋಲ್ಟೇಜ್ ಸಾಲದಾದಾಗ ಪರದೆಯ ಮೂಲೆಯಲ್ಲಿ ಬರುವ ಹಳದಿ ಮಿಂಚಿನ ಗುರುತು ಒಂದು ಸಲವೂ ಕಾಣಲಿಲ್ಲ. ಕೀ ತೆಗೆಯುವ ಮುಂಚೆ ಫೋನಿನಿಂದಲೇ ಪೈ ಒಳಗೆ ಹೋಗಿ (ಎಸ್ಎಸ್ಎಚ್) ಥ್ರಾಟಲ್ ಸ್ಥಿತಿ, ಅಂದರೆ ಪವರ್ ಸಾಲದೆ ಪೈ ನಿಧಾನವಾಯಿತಾ ಅಂತ ಹೇಳುವ ಅಂಕಿ, ನೋಡಿದೆ, ಪೂರಾ ಸೊನ್ನೆ. ಮುಂಚೆ ಇದೇ ಜಾಗದಲ್ಲಿ 0x50005 ಬರುತ್ತಿತ್ತು, ವೋಲ್ಟೇಜ್ ಸಾಲದೆ ಪೈ ನಿಧಾನವಾಗಿದೆ ಅಂತ ಅರ್ಥ. ಪಿ.ಬಿ. ರಸ್ತೆಯ ನಮ್ಮ ಆಟೋ ಎಲೆಕ್ಟ್ರಿಷಿಯನ್ ಶುರುವಿನಲ್ಲೇ ಕೈ ಆಡಿಸಿಬಿಟ್ಟಿದ್ದರು: "ಇದೆಲ್ಲಾ ಆಗಲ್ರಿ ಸಾರ್, ಬ್ಯಾಟ್ರಿ ಕೂತು ಹೋಗ್ತತಿ, ಆಮೇಲೆ ಗಾಡಿ ತಳ್ಳಬೇಕಾಗ್ತತಿ." ಗೆಳೆಯರು ಒಂದು ಟ್ಯಾಬ್ ಕೊಡಿಸಿ ಸುಮ್ಮನಾಗು ಅಂದರು. ಈಗ ಅದೇ ಎಲೆಕ್ಟ್ರಿಷಿಯನ್ ತಮ್ಮ ಗಿರಾಕಿಯೊಬ್ಬರ ಗಾಡಿಗೂ ಹಾಕಿಕೊಡ್ತೀರಾ ಅಂತ ಕೇಳಿದ್ದಾರೆ.

ನನ್ನದು ಪೈ 4, 2 ಜಿಬಿ. ಏಳು ಇಂಚಿನ ಎಚ್‌ಡಿಎಂಐ ಪರದೆ, ಎರಡು ಕಂಟ್ರೋಲರ್.

ದುಡ್ಡು ಹೋದದ್ದು ಮೊದಲು ಚಾರ್ಜರ್‌ಗೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ "3 ಆಂಪ್" ಚಾರ್ಜರ್ ಎರಡು ತಂದೆ, ಎರಡೂ ಸೇರಿ ಸಾವಿರದ ಮುನ್ನೂರೋ ನಾನೂರೋ. ಮೆನುವಿನಲ್ಲಿ ಇರುವತನಕ ಎಲ್ಲಾ ಸರಿ, ಪ್ಲೇಸ್ಟೇಷನ್ ಗೇಮ್ ಶುರುವಾದ ಕೂಡಲೇ ಮಿಂಚು. ಮೀಟರ್ ಇಟ್ಟೆ. ಚಾರ್ಜರ್ ಬಾಯಲ್ಲಿ 5.0, ಬೋರ್ಡಿನ ಪಿನ್ನಿನಲ್ಲಿ 4.5ರ ಆಸುಪಾಸು. ಪೈ 4.63ಕ್ಕೆ ಇಳಿದರೆ ಕೂಗುತ್ತದೆ. ಒಂದು ಮೀಟರ್ ಸಪೂರ ಕೇಬಲ್ ಹೋಗಿ ಬರುವಷ್ಟರಲ್ಲಿ ಅರ್ಧ ವೋಲ್ಟ್ ನುಂಗಿತ್ತು. ಎಲ್ಲರೂ ಆಂಪಿಯರ್ ಹಿಂದೆ ಬೀಳುತ್ತಾರೆ. ನೋಡಬೇಕಾದ್ದು ಗೇಮ್ ಓಡುತ್ತಿರುವಾಗ ಬೋರ್ಡಿನ ಹತ್ತಿರ ಎಷ್ಟು ವೋಲ್ಟ್ ಉಳಿದಿದೆ ಅನ್ನೋದನ್ನ.

ಆಮೇಲೆ ಪವರ್ ಬ್ಯಾಂಕ್, ಹದಿನೆಂಟು ನೂರು ರೂಪಾಯಿ. ಕಾರಿನಿಂದ ಚಾರ್ಜ್ ಆಗುತ್ತಾ ಪೈಗೂ ಕೊಡಲಿ ಅಂತ. ಸೆಲ್ಫ್ ಹೊಡೆದಾಗ ಸಾಕೆಟ್ ಕರೆಂಟು ಒಂದು ಕ್ಷಣ ಹೋಗುತ್ತದೆ, ಆ ಕ್ಷಣದಲ್ಲಿ ಪವರ್ ಬ್ಯಾಂಕ್ ಔಟ್‌ಪುಟ್ಟನ್ನೂ ಕತ್ತರಿಸಿ ಮತ್ತೆ ಕೊಡುತ್ತಿತ್ತು. ಪ್ರತಿ ಸಲ ಪೈ ರೀಬೂಟ್. ಮೆಮೊರಿ ಕಾರ್ಡ್ ಎರಡು ಹಾಳಾದದ್ದು ಇದೇ ಕಾಲದಲ್ಲಿ. ಇನ್ವರ್ಟರ್ ಕೂಡ ನೋಡಿದೆ, 12ರಿಂದ 230 ಮಾಡಿ ಮತ್ತೆ 5ಕ್ಕೆ ಇಳಿಸುವ ವ್ಯವಹಾರ. ಫ್ಯಾನ್ ಸದ್ದಿನಲ್ಲಿ ಗೇಮಿನ ಸದ್ದೇ ಕೇಳುತ್ತಿರಲಿಲ್ಲ. ಒಟ್ಟು ಐದಾರು ಸಾವಿರ ಹೀಗೆ ಹೋಯಿತು.

ಈಗಿರುವ ವ್ಯವಸ್ಥೆಗೆ ಆದದ್ದು ಎಂಟುನೂರರಿಂದ ಒಂಬೈನೂರು. ಸಾಮಾನೆಲ್ಲಾ ಬೆಂಗಳೂರಿನ ಎಸ್.ಪಿ. ರಸ್ತೆಯದು.

ಫ್ಯೂಸ್ ಬಾಕ್ಸಿನಲ್ಲಿ ಸದಾ ಕರೆಂಟು ಇರುವ ಲೈನಿಗೆ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಿಂದ ಇನ್ನೊಂದು ಲೈನ್ ಎಳೆಯುವ ತುಂಡು) ಹಾಕಿ, 3 ಆಂಪ್ ಬ್ಲೇಡ್ ಫ್ಯೂಸ್ ಕೊಟ್ಟು, ದಪ್ಪ ವೈರಿನಲ್ಲಿ 12 ವೋಲ್ಟನ್ನೇ ಡ್ರೈವರ್ ಸೀಟಿನ ಕೆಳಗಿನತನಕ ಒಯ್ದೆ. 5 ವೋಲ್ಟಿಗೆ ಇಳಿಸುವುದು ಅಲ್ಲಿಯೇ, ಪೈಯಿಂದ ಒಂದು ಗೇಣು ದೂರದಲ್ಲಿ. ವೋಲ್ಟೇಜ್ ಇಳಿಸುವ ಕನ್ವರ್ಟರುಗಳಲ್ಲಿ ಎಲ್ಎಂ2596 ಮಾಡ್ಯೂಲ್ 3 ಆಂಪ್ ಅಂತ ಹೇಳಿಕೊಂಡರೂ ಎರಡು ದಾಟಿದರೆ ಬೆರಳಿಡಲಾಗದಷ್ಟು ಸುಡುತ್ತದೆ. ಹಾಗಾಗಿ ಪೈಗೆ ಎಕ್ಸ್ಎಲ್4015 ಅನ್ನುವ ಇನ್ನೊಂದು ಕನ್ವರ್ಟರ್, ಪರದೆಗೆ ಬೇರೆಯೇ ಆಗಿ ಎಲ್ಎಂ2596. ಎರಡಕ್ಕೂ ಒಂದೇ ಕನ್ವರ್ಟರ್ ಇದ್ದಾಗ ಪರದೆ ಆನ್ ಆದ ತಕ್ಷಣ ಪೈ ಮಿಂಚು ತೋರಿಸುತ್ತಿತ್ತು, ಬೇರೆ ಮಾಡಿದ ಮೇಲೆ ನಿಂತಿತು. ಯುಎಸ್‌ಬಿ-ಸಿ ಬಿಟ್ಟು ನೇರ ಹೆಡರಿಗೆ (ಬೋರ್ಡಿನ ಮೇಲಿನ ಪಿನ್ನುಗಳ ಸಾಲು) ಕೊಟ್ಟಿದ್ದೇನೆ: ಪಿನ್ 2 ಮತ್ತು 4ಕ್ಕೆ ಪಾಸಿಟಿವ್, 6 ಮತ್ತು 9ಕ್ಕೆ ಗ್ರೌಂಡ್. ಗೇಮ್ ಓಡುತ್ತಿರುವಾಗ ಪಿನ್ನಿನಲ್ಲಿ 5.15 ಬರುವಂತೆ ಕನ್ವರ್ಟರಿನ ಸ್ಕ್ರೂ ತಿರುಗಿಸಿ, ಸ್ಕ್ರೂ ಮೇಲೆ ನೇಲ್ ಪಾಲಿಶ್ ಹಚ್ಚಿದೆ. ನಮ್ಮ ರಸ್ತೆಯ ಅದುರಾಟಕ್ಕೆ ಅದು ತಾನೇ ತಿರುಗುತ್ತದೆ.

ಎಕ್ಸ್ಎಲ್4015ಕ್ಕೆ ಕನಿಷ್ಠ 8 ವೋಲ್ಟ್ ಬೇಕು. ಸೆಲ್ಫ್ ಹೊಡೆದ ಮೊದಲ ಕ್ಷಣ ನನ್ನ ಹಳೆ ಬ್ಯಾಟರಿ ಏಳೂವರೆಗೆ ಬೀಳುತ್ತಿತ್ತು. ಅದಕ್ಕೇ ಇನ್‌ಪುಟ್ಟಿಗೆ ಕರೆಂಟನ್ನ ಒಂದೇ ಕಡೆಗೆ ಬಿಡುವ ಶಾಟ್ಕಿ ಡಯೋಡ್ ಒಂದು, ಅದರ ಆಚೆ ಆ ಒಂದು ಕ್ಷಣಕ್ಕೆ ಕರೆಂಟು ಹಿಡಿದಿಡಲು 35 ವೋಲ್ಟಿನ 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡು. ಡಯೋಡ್ ಇಲ್ಲದಿದ್ದರೆ ಕೆಪಾಸಿಟರಿನ ಕರೆಂಟು ವಾಪಸ್ ಸ್ಟಾರ್ಟರ್ ಮೋಟರಿಗೇ ಹೋಗುತ್ತದೆ. ಆಲ್ಟರ್ನೇಟರಿನ ವೋಲ್ಟೇಜ್ ಎಗರಿದರೆ ತಡೆಯಲಿ ಅಂತ 24 ವೋಲ್ಟಿನ ಟಿವಿಎಸ್ ಡಯೋಡ್ ಒಂದು. ಹೆಡರಿಗೆ ನೇರ ಕೊಡುವವರು ಇದನ್ನ ಬಿಡಲೇಬೇಡಿ.

ಆಫ್ ಮಾಡೋದೇ ನಿಜವಾದ ಕೆಲಸ. ಕೀ ಹಾಕಿದಾಗ ಮಾತ್ರ ಕರೆಂಟು ಬರುವ ಕೀ ಲೈನಿನಿಂದ 2.2ಕೆ ರೆಸಿಸ್ಟರ್ ಮೂಲಕ ಪಿಸಿ817 ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ), ಅದರಿಂದ ಪೈಯ ಒಂದು ಜಿಪಿಐಒಗೆ, ಅಂದರೆ ಸಿಗ್ನಲ್ ಪಿನ್ನಿಗೆ. ಕೀ ತೆಗೆದರೆ ಪೈಗೆ ಸುದ್ದಿ ಮುಟ್ಟಿ ಶಟ್‌ಡೌನ್ ಶುರು, ಮುಕ್ಕಾಲು ನಿಮಿಷದ ನಂತರ ಟೈಮರ್ ರಿಲೇ ಪೂರ್ತಿ ಕತ್ತರಿಸುತ್ತದೆ. ಆಮೇಲೆ ಬ್ಯಾಟರಿಯಿಂದ ಎಳೆಯೋದು ಟೈಮರಿನ ಕೆಲವೇ ಮಿಲಿಆಂಪ್. ಊರಿಗೆ ಹೋಗಿ ವಾರ ಗಾಡಿ ನಿಲ್ಲಿಸಿದ್ದೆ, ಬಂದು ಒಂದೇ ಸೆಲ್ಫಿಗೆ ಸ್ಟಾರ್ಟ್. ಸೆಲ್ಫ್ ಹೊಡೆಯುವಾಗಲೂ ಕೀ ಲೈನ್ ಸಾಯುತ್ತದೆ, ಅದನ್ನ ಪೈ "ಆಫ್" ಅಂದುಕೊಳ್ಳಬಾರದು, ಸ್ಕ್ರಿಪ್ಟು ಕೆಲವು ಸೆಕೆಂಡು ಕಾದು ನೋಡಬೇಕು. ಶಟ್‌ಡೌನ್‌ಗೆ ಮುಂಚೆ ಗೇಮನ್ನ ತಾನಾಗಿ ಸೇವ್ ಮಾಡಿಸುವ ಸಾಲುಗಳನ್ನ ಮಾತ್ರ ಇಲ್ಲಿ ಬರೆಯುತ್ತಿಲ್ಲ. ಅದಕ್ಕೆ ತುಂಬಾ ರಾತ್ರಿ ಕೂತಿದ್ದೇನೆ.

ನಡುವೆ ಸೂಪರ್ ಕೆಪಾಸಿಟರ್ ಹುಚ್ಚೂ ಹಿಡಿದಿತ್ತು. ಟೈಮರ್ ರಿಲೇ ಇಲ್ಲದೆ ಶಟ್‌ಡೌನ್ ಆಗುವತನಕ ಅದೇ ದಮ್ಮು ಹಿಡಿದು ನಿಲ್ಲಲಿ ಅಂತ. ಹದಿನೈದು ಸೆಕೆಂಡ್ ನಿಲ್ಲಿಸಲು ಬೇಕಾದ ಸಾಮಾನಿನ ಬೆಲೆಗೆ ಇಡೀ ವ್ಯವಸ್ಥೆ ಎರಡು ಸಲ ಮಾಡಬಹುದು, ಕೈಬಿಟ್ಟೆ. ಪೈ ಝೀರೋ 2 ಡಬ್ಲ್ಯೂ ಹಾಕಿದಾಗ ಎಲ್ಎಂ2596 ಒಂದೇ ಸಾಕಾಯಿತು, ಹಳೆಯ 8 ಬಿಟ್, 16 ಬಿಟ್ ಗೇಮಷ್ಟೇ ಆಡುವವರಿಗೆ ಅದೇ ಒಳ್ಳೇದು. ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯ ಪೈ ಹತ್ತೇ ನಿಮಿಷಕ್ಕೆ 80 ಡಿಗ್ರಿ ಮುಟ್ಟಿ ನಿಧಾನವಾಯಿತು. ಅಲ್ಯೂಮಿನಿಯಂ ಡಬ್ಬಿಗೆ ಹಾಕಿದ ಮೇಲೆ ಚಿತ್ರದುರ್ಗದತನಕ ಎಪ್ಪತ್ತರೊಳಗೇ ಇತ್ತು.

ಪೈ 5 ಹಾಕುವವರಿಗೆ ಒಂದು ಮಾತು. ಅದಕ್ಕೆ 5 ಆಂಪ್ ಕೊಡುವ ಅಡಾಪ್ಟರ್ ಅಂತ ಗೊತ್ತಾಗದಿದ್ದರೆ ಯುಎಸ್‌ಬಿ ಪೋರ್ಟುಗಳಿಗೆಲ್ಲಾ ಸೇರಿ 600 ಮಿಲಿಆಂಪ್ ಮಾತ್ರ ಬಿಡುತ್ತದೆ. ಹೆಡರಿನಿಂದ ಕೊಟ್ಟರೆ ಅದು ಗೊತ್ತಾಗುವ ದಾರಿಯಿಲ್ಲ, ಸೆಟ್ಟಿಂಗಿನಲ್ಲಿ ಆ ಮಿತಿ ತೆಗೆಯಬೇಕು. ಅದಕ್ಕಿಂತ ಮುಂಚೆ ನಿಮ್ಮ ಕನ್ವರ್ಟರ್ ನಿಜವಾಗಿ 5 ಆಂಪ್ ಕೊಡುತ್ತದಾ ಅಂತ ಲೋಡ್ ಹಾಕಿ ಅಳೆದುಕೊಳ್ಳಿ. ಎಕ್ಸ್ಎಲ್4015ರ ಮೇಲೆ ಬರೆದಿರುವ 5 ಆಂಪನ್ನ ಹೀಟ್‌ಸಿಂಕ್ ಇಲ್ಲದೆ ನಂಬಬೇಡಿ.