ಎಸ್ ಪಕ್ಕ ಎನ್ ಕಂಡರೆ ಮೂಗು ನೆನಪಿಸಿಕೊಳ್ಳಿ
ಮಕ್ಕಳಿಗೆ ಇಂಗ್ಲಿಷ್ ಪದ ಕಲಿಸುವವರಿಗೆ ಇದು ಉಪಯೋಗಕ್ಕೆ ಬರುತ್ತೆ. ಎಸ್, ಎನ್ ಎರಡೂ ಅಕ್ಷರ ಜೊತೆಯಾಗಿ ಶುರುವಾಗುವ ಹೊಸ ಪದ ಸಿಕ್ಕರೆ, ಮೊದಲು ಅದಕ್ಕೂ ಮೂಗಿಗೂ ಸಂಬಂಧ ಇದೆಯಾ ನೋಡಿ. ಸ್ನೀಜ್ ಅಂದರೆ ಸೀನು, ಸ್ನೋರ್ ಅಂದರೆ ಗೊರಕೆ, ಸ್ನಿಫ್ ಅಂದರೆ ಮೂಸುವುದು, ಸ್ನಾಟ್ ಅಂದರೆ ಸಿಂಬಳ, ಸ್ನೌಟ್ ಅಂದರೆ ಹಂದಿ, ನಾಯಿಗಳ ಉದ್ದ ಮೂತಿ. ನನಗೆ ಜಾಸ್ತಿ ಇಷ್ಟವಾದದ್ದು ಸ್ನೀರ್. ತಾತ್ಸಾರದಿಂದ ನಗುವುದು ಅಂತ ಅರ್ಥ, ನಾವು 'ಮೂಗು ಮುರಿಯೋದು' ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಜಂಬದವರಿಗೆ ಹೇಳುವ ಸ್ನೂಟಿ ಕೂಡ ಮೂಗು, ಮೂತಿ ಎನ್ನುವ ಪದದಿಂದಲೇ ಬಂದದ್ದು. 'ನ್' ಮೂಗಿನಿಂದ ಹೊರಡುವ ಸದ್ದು. ಮೂಗು ಗಟ್ಟಿಯಾಗಿ ಹಿಡಿದು 'ನ್‌ನ್‌ನ್' ಅಂತ ಎಳೆದು ನೋಡಿ, ಸದ್ದು ಅಲ್ಲೇ ಕಟ್ಟಿಕೊಳ್ಳುತ್ತೆ. ಹೀಗೆ ಸದ್ದಿಗೂ ಅರ್ಥಕ್ಕೂ ನಂಟು ಸಿಕ್ಕಿದ್ದರಿಂದ ಒಂದು ಪದ ನೆನಪಾದರೆ ಉಳಿದವೂ ಹಿಂದೆಯೇ ಬರುತ್ತವೆ. ಆದರೆ ಇದು ನಿಯಮ ಅಲ್ಲ. ಹಾವಿನ ಸ್ನೇಕ್, ಬಸವನಹುಳುವಿನ ಸ್ನೇಲ್, ಹಿಮದ ಸ್ನೋ, ಕುರುಕಲಿನ ಸ್ನ್ಯಾಕ್, ಇವಕ್ಕೂ ಮೂಗಿಗೂ ಏನೂ ಸಂಬಂಧ ಇಲ್ಲ. ಅದಕ್ಕೇ ಊಹೆ ಮಾಡಿದ ಮೇಲೆ ಒಮ್ಮೆ ನಿಘಂಟು ತೆಗೆದು ನೋಡಿ, ಪರೀಕ್ಷೆಯಲ್ಲಿ ಸುಮ್ನೆ ಇದನ್ನೇ ನಂಬಿ ಅರ್ಥ ಬರೆಯೋದು ಬೇಡ.