ಕುದುರೆ ಲಾಯದ ಪಕ್ಕದಲ್ಲಿ ಹತ್ತು ಮನೆಯ ಸಾವಯವ ತೋಟ

ಬೆಂಗಳೂರಿನ ಹೊರವಲಯದಲ್ಲಿ ಮೂರು ನಾಲ್ಕು ಕುದುರೆಗಳನ್ನು ಸಾಕಿರುವ ಜಾಗದಲ್ಲಿ ಹತ್ತು ಮನೆಯವರು ಸೇರಿ ತರಕಾರಿ ಬೆಳೆಯಲು ಹೊರಟರೆ, ಮಡಿ ಮಾಡುವುದಕ್ಕಿಂತ ಮೊದಲು ಲದ್ದಿಗೆ ಒಂದು ವ್ಯವಸ್ಥೆಯಾಗಬೇಕು. ಸುಮಾರು 450 ಕೆ.ಜಿ. ತೂಗುವ ಕುದುರೆ ದಿನಕ್ಕೆ 20 ಕೆ.ಜಿ.ಯಷ್ಟು ಲದ್ದಿ ಹಾಕುವುದರಿಂದ, ನಾಲ್ಕು ಕುದುರೆಗಳ ಲಾಯದಲ್ಲಿ ತಿಂಗಳಿಗೆ ಎರಡು ಟನ್ನಿಗೂ ಹೆಚ್ಚು ಸೇರುತ್ತದೆ. ಇದನ್ನು ಹಸಿಯಾಗಿ ಮಡಿಗೆ ಹಾಕಬಾರದು. ಕುದುರೆ ಹಸುವಿನಂತೆ ಮೆಲುಕು ಹಾಕುವ ಪ್ರಾಣಿಯಲ್ಲದ ಕಾರಣ, ಹುಲ್ಲಿನೊಂದಿಗೆ ನುಂಗಿದ ಕಳೆಬೀಜಗಳಲ್ಲಿ ಹಲವು ಜೀರ್ಣವಾಗದೆ ಹೊರಬಂದು ತೋಟದಲ್ಲೇ ಮೊಳೆಯುತ್ತವೆ.

ಲಾಯದಲ್ಲಿ ಹಾಸಿದ್ದ ಭತ್ತದ ಹುಲ್ಲಿನ ಸಮೇತ ಲದ್ದಿಯನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ನಾಲ್ಕು ಅಡಿ ಬರುವಂತೆ ಒಟ್ಟಬೇಕು. ಅದಕ್ಕಿಂತ ತೀರ ಚಿಕ್ಕ ರಾಶಿ ಕಾವು ಹಿಡಿಯುವುದಿಲ್ಲ. ಹುಲ್ಲಿನ ಬದಲು ಮರದ ಹೊಟ್ಟು ಹಾಸಿದ್ದರೆ ಕೊಳೆಯುವುದು ನಿಧಾನವಾದ್ದರಿಂದ ಹಸಿ ಸೊಪ್ಪನ್ನು ಧಾರಾಳವಾಗಿ ಬೆರೆಸಬೇಕು. ಗ್ಲಿರಿಸಿಡಿಯಾ ಸೊಪ್ಪು ರಾಶಿಗೆ ಬಹಳ ಒಳ್ಳೆಯದು, ಆದರೆ ಕುದುರೆಗೆ ವಿಷ. ಅದನ್ನು ಬೇಲಿಗೆ ನೆಡುವ ನಮ್ಮ ಕಡೆಯ ರೂಢಿಯನ್ನು ಇಲ್ಲಿ ಬಿಡುವುದೇ ಲೇಸು. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಜಿನುಗುವಷ್ಟು ತೇವವಿರಲಿ. ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಹದಿನೈದು ದಿನವಾದರೂ ಉಳಿಯಬೇಕು. ಅಷ್ಟರೊಳಗೆ ಐದು ಬಾರಿ ತಿರುವಿ, ಹೊರಗಿನದನ್ನು ಒಳಗೆ ಮಾಡಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳೊಂದನ್ನು ಚುಚ್ಚಿಟ್ಟು ಹತ್ತು ನಿಮಿಷದ ನಂತರ ತೆಗೆದು ನೋಡಿ: ಕೈಯಲ್ಲಿ ಹಿಡಿದಿರಲು ಆಗಬಾರದು. ಆಮೇಲೆ ಮಳೆ ನೀರು ಇಳಿಯದಂತೆ ಮುಚ್ಚಿ, ಎರಡು ಮೂರು ತಿಂಗಳು ಮಾಗಲು ಬಿಡಬೇಕು.

ಕುದುರೆಗೆ ಜಂತುಹುಳುವಿನ ಔಷಧ ಕೊಟ್ಟ ದಿನವನ್ನು ಲಾಯದವರು ಬರೆದಿಡಲಿ. ಇಂಥ ಔಷಧಗಳಲ್ಲಿ ಒಂದಾದ ಐವರ್‌ಮೆಕ್ಟಿನ್ ಲದ್ದಿಯೊಂದಿಗೆ ಹೊರಬಂದು ಸಗಣಿ ಜೀರುಂಡೆಗಳ ಮರಿಗಳನ್ನು ಕೊಲ್ಲುವುದರಿಂದ, ಮುಂದಿನ ಹತ್ತು ದಿನಗಳ ಲದ್ದಿಯನ್ನು ಬೇರೆಯಾಗಿಯೇ ಕೊಳೆಸಬೇಕು. ಹೊರಗಿನಿಂದ ಕೊಂಡ ಹುಲ್ಲಿಗೆ ಕಳೆನಾಶಕ ಬಿದ್ದಿತ್ತೋ ಎಂಬ ಅನುಮಾನವಿದ್ದರೆ, ಮಾಗಿದ ಗೊಬ್ಬರ ಬೆರೆಸಿದ ಕುಂಡದಲ್ಲಿ ನಾಲ್ಕು ಹುರುಳಿಕಾಯಿ ಬೀಜ ಹಾಕಿ. ಎಲೆ ಮುರುಟಿಕೊಂಡರೆ ಆ ಗೊಬ್ಬರ ತೋಟಕ್ಕೆ ಬೇಡ.

ಲದ್ದಿಯಲ್ಲಿ ಧನುರ್ವಾಯುವಿನ ರೋಗಾಣು ಇರಬಹುದಾದ್ದರಿಂದ ಎಲ್ಲರೂ ಅದನ್ನು ತಡೆಯುವ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು, ಬರಿಗಾಲಲ್ಲಿ ಕೆಲಸ ಮಾಡಬಾರದು. ಮಡಿಗಳು ಕುದುರೆ ಕತ್ತು ಚಾಚಿದರೂ ಎಟುಕದಷ್ಟು ದೂರದಲ್ಲಿರಲಿ. ಟೊಮೇಟೊ ಗಿಡ, ಹರಳು, ಕಣಗಿಲೆ ಮೂರೂ ಅದಕ್ಕೆ ಅಪಾಯ. ಪ್ರೀತಿಯಿಂದಲೇ ಆದರೂ, ಕಿತ್ತ ಕಳೆಯನ್ನು ಯಾರೂ ಬೇಲಿಯಾಚೆ ಎಸೆಯಬಾರದು.

ಕೊಯ್ಲಿಗೆ ಎಲ್ಲರೂ ತಪ್ಪದೆ ಬರುತ್ತಾರೆ, ರಾಶಿ ತಿರುವಲು ಬರುವುದಿಲ್ಲ. ಹಾಗಾಗಿ ಮನೆಗೊಂದರಂತೆ ತಿರುವುವ ಪಾಳಿಯನ್ನು ಮೊದಲ ದಿನವೇ ಬರೆದು ಲಾಯದ ಬಾಗಿಲಿಗೆ ಅಂಟಿಸಿಬಿಡಿ.